ಕುರ್ಚಿ ಖಾಲಿಯಾದ ದಿನ ಕಾಗದ ಸಿದ್ಧವಿರಬೇಕು

ಕೋಲಾರದ ಸರ್ಕಾರಿ ಕಚೇರಿಗಳಲ್ಲಿ ಬಡ್ತಿಯ ಮಾತು ಬಂದರೆ ಕೇಳುವ ಪ್ರಶ್ನೆ ‘ಲಿಸ್ಟ್ ಬಂತಾ?’ ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ, ನರಸಾಪುರದ ಕಾರ್ಖಾನೆ ಬಸ್ಸಿನಲ್ಲಿ ಅದೇ ಪ್ರಶ್ನೆ ‘ರೇಟಿಂಗ್ ಎಷ್ಟು ಬಂತು?’ ಎಂದಾಗುತ್ತದೆ. ಎರಡೂ ಕಡೆ ತೀರ್ಮಾನವಾಗುವುದು ನೀವಿಲ್ಲದ ಕೋಣೆಯಲ್ಲಿ. ಅಲ್ಲಿ ಕೂತವರ ಮುಂದೆ ಇರುವುದು ನೀವಲ್ಲ, ನಿಮ್ಮ ಬಗ್ಗೆ ಬರೆದಿಟ್ಟ ಕಾಗದ. ಮೇಲೆ ಒಂದು ಹುದ್ದೆ ಖಾಲಿ ಇರಬೇಕು, ಸಾಲಿನಲ್ಲಿ ನಿಮ್ಮ ಹೆಸರು ಅದಕ್ಕೆ ಕೈಗೆಟಕುವಷ್ಟು ಹತ್ತಿರ ಇರಬೇಕು, ಕಾಗದ ಚೊಕ್ಕವಾಗಿರಬೇಕು. ಈ ಮೂರೂ ಒಂದೇ ದಿನ ಕೂಡಿಬರಬೇಕು. ಮೊದಲ ಎರಡು ನಮ್ಮ ಕೈಯಲ್ಲಿ ಅಷ್ಟಾಗಿ ಇಲ್ಲ. ಮೂರನೆಯದು ಪೂರ್ತಿ ನಮ್ಮದು, ಆದರೂ ಹೆಚ್ಚಿನವರು ಎಡವುವುದು ಅಲ್ಲೇ.

ಸರ್ಕಾರಿ ನೌಕರಿಯಿಂದ ಶುರು ಮಾಡೋಣ, ಏಕೆಂದರೆ ಅಲ್ಲಿ ಎಲ್ಲವೂ ಬರಹದಲ್ಲಿದೆ. ಓದುವವರು ಕಡಿಮೆ, ಅಷ್ಟೇ.

ಬಡ್ತಿ ಹಕ್ಕಲ್ಲ, ಬಡ್ತಿಗೆ ಪರಿಗಣಿಸಬೇಕು ಎನ್ನುವುದು ಹಕ್ಕು. ಸಂವಿಧಾನದ 16ನೇ ವಿಧಿಯಲ್ಲಿ ಈ ಹಕ್ಕು ಅಡಕವಾಗಿದೆ ಎಂದು ಸುಪ್ರೀಂ ಕೋರ್ಟ್ 1999ರ ಅಜಿತ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ‘ನನಗೆ ಯಾಕೆ ಕೊಡಲಿಲ್ಲ’ ಎಂಬ ಅರ್ಜಿಗೆ ಬಲ ಕಡಿಮೆ. ‘ನನಗಿಂತ ಕಿರಿಯರ ಹೆಸರು ಬಡ್ತಿ ಸಮಿತಿಯ ಮುಂದೆ ಹೋದಾಗ ನನ್ನ ಹೆಸರು ಯಾಕೆ ಹೋಗಲಿಲ್ಲ’ ಎಂಬ ಅರ್ಜಿಗೆ ಇಲಾಖೆ ಉತ್ತರ ಕೊಡಲೇಬೇಕು. ಅರ್ಜಿ ಬರೆಯುವಾಗ ಈ ಒಂದು ವಾಕ್ಯದ ವ್ಯತ್ಯಾಸ ಬಹಳ ಕೆಲಸ ಮಾಡುತ್ತದೆ.

ಪ್ರತಿ ಇಲಾಖೆಗೂ ಅದರದೇ ವೃಂದ ಮತ್ತು ನೇಮಕಾತಿ ನಿಯಮಗಳಿವೆ (ವೃಂದ ಅಂದರೆ ಒಂದೇ ದರ್ಜೆಯ ಹುದ್ದೆಗಳ ಗುಂಪು). ಮೇಲಿನ ಹುದ್ದೆಗಳಲ್ಲಿ ಎಷ್ಟು ಪಾಲು ಬಡ್ತಿಗೆ, ಎಷ್ಟು ನೇರ ನೇಮಕಾತಿಗೆ, ಕೆಳಗಿನ ಹುದ್ದೆಯಲ್ಲಿ ಎಷ್ಟು ವರ್ಷ ಕೆಲಸ ಮಾಡಿರಬೇಕು, ಯಾವ ಪರೀಕ್ಷೆ ಪಾಸಾಗಿರಬೇಕು, ಎಲ್ಲ ಅಲ್ಲಿದೆ. ಅನೇಕ ಕಡೆ 5 ವರ್ಷದ ಸೇವೆ ಕೇಳುತ್ತಾರೆ, ಅಷ್ಟು ಸೇವೆಯವರು ಸಿಗದಿದ್ದರೆ 3 ವರ್ಷ. ಇಲಾಖಾ ಮುಖ್ಯಸ್ಥರಂಥ ಆಯ್ಕೆ ಹುದ್ದೆಗಳಲ್ಲಿ ಅರ್ಹತೆ ಮುಂದು, ಜ್ಯೇಷ್ಠತೆ ಹಿಂದು. ಉಳಿದ ಬಹುಪಾಲು ಹುದ್ದೆಗಳಲ್ಲಿ ಜ್ಯೇಷ್ಠತೆಯೇ ಮುಂದು: ಸಾಲಿನಲ್ಲಿ ಮೊದಲಿರುವವರು ಅನರ್ಹರಲ್ಲದಿದ್ದರೆ ಹುದ್ದೆ ಅವರಿಗೇ. ಎಸ್‌ಡಿಎಯಿಂದ (ದ್ವಿತೀಯ ದರ್ಜೆ ಸಹಾಯಕ) ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಲು ಪಕ್ಕದ ಮೇಜಿನವರಿಗಿಂತ ಎರಡು ಪಟ್ಟು ಕಡತ ಮುಗಿಸಿದರೂ ಸಾಲು ದಾಟಲಾಗದು. ಇದು ಅನ್ಯಾಯ ಅನ್ನಿಸಬಹುದು. ಸಾಹೇಬರ ಮೆಚ್ಚುಗೆಯ ಮೇಲೆ ಬಡ್ತಿ ನಿಂತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದವರು ಸಾಮಾನ್ಯವಾಗಿ ಈ ಏರ್ಪಾಡನ್ನೇ ಒಪ್ಪುತ್ತಾರೆ.

ಪಟ್ಟಿ ಓದುವುದು ಹೇಗೆ

ಜ್ಯೇಷ್ಠತಾ ಪಟ್ಟಿ ಮೊದಲು ತಾತ್ಕಾಲಿಕವಾಗಿ ಬರುತ್ತದೆ. ಆಕ್ಷೇಪಣೆಗೆ ದಿನ ಕೊಡುತ್ತಾರೆ, ಆಮೇಲೆ ಅಂತಿಮ ಪಟ್ಟಿ. ತಾತ್ಕಾಲಿಕ ಪಟ್ಟಿಯಲ್ಲಿ ತಮ್ಮ ಹೆಸರು, ಕ್ರಮಸಂಖ್ಯೆ ನೋಡಿ ಸುಮ್ಮನಾಗುವವರೇ ಹೆಚ್ಚು. ನೋಡಬೇಕಾದ್ದು ಅಡ್ಡ ಸಾಲು ಪೂರ್ತಿ: ಜನ್ಮದಿನಾಂಕ, ಕೆಲಸಕ್ಕೆ ಹಾಜರಾದ ದಿನಾಂಕ, ಈಗಿನ ವೃಂದಕ್ಕೆ ಬಂದ ದಿನಾಂಕ, ಪಾಸಾದ ಪರೀಕ್ಷೆ, ಮೀಸಲಾತಿ ವರ್ಗ. ಇದರಲ್ಲಿ ಒಂದು ತಪ್ಪಿದ್ದರೂ ಕೊಟ್ಟ ದಿನದೊಳಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಅಂತಿಮ ಪಟ್ಟಿಯಾಗಿ, ಅದರ ಮೇಲೆ ನಾಲ್ಕು ಜನರಿಗೆ ಬಡ್ತಿಯಾದ ಮೇಲೆ ಎಚ್ಚೆತ್ತರೆ ನ್ಯಾಯಮಂಡಳಿಯೂ ‘ಇಷ್ಟು ದಿನ ಎಲ್ಲಿದ್ದಿರಿ’ ಎಂದು ಕೇಳುತ್ತದೆ.

ಪಟ್ಟಿಯಿಂದ ನಿಮ್ಮ ಸರದಿಯನ್ನು ನೀವೇ ಲೆಕ್ಕ ಹಾಕಬಹುದು. ರಾಜ್ಯ ಸರ್ಕಾರದಲ್ಲಿ ನಿವೃತ್ತಿ ವಯಸ್ಸು 60, ಜನ್ಮದಿನಾಂಕ ಪಟ್ಟಿಯಲ್ಲೇ ಇದೆ. ಒಂದು ಊಹಾ ಲೆಕ್ಕ ನೋಡಿ. ನೀವು ಎಸ್‌ಡಿಎ ಪಟ್ಟಿಯಲ್ಲಿ 18ನೆಯವರು. ಎಫ್‌ಡಿಎ ಹುದ್ದೆ 24, ಭರ್ತಿಯಾಗಿರುವುದು 20, ಅಂದರೆ 4 ಖಾಲಿ. ಇನ್ನೆರಡು ವರ್ಷದಲ್ಲಿ 5 ಎಫ್‌ಡಿಎಗಳು ನಿವೃತ್ತರಾಗುತ್ತಾರೆ, 3 ಜನ ಅಧೀಕ್ಷಕರಾಗಿ ಮೇಲೆ ಹೋಗುತ್ತಾರೆ. ಒಟ್ಟು 12 ಜಾಗ. ನಿಮ್ಮ ಮೇಲಿರುವ 17 ಜನರಲ್ಲಿ 4 ಜನ ಇಲಾಖಾ ಪರೀಕ್ಷೆ ಪಾಸಾಗಿಲ್ಲ, 2 ಜನ ಅಷ್ಟರಲ್ಲಿ ನಿವೃತ್ತರು. ಉಳಿದವರು 11, ನೀವು 12ನೆಯವರು. ಎಲ್ಲ ಜಾಗವೂ ಬಡ್ತಿಗೇ ಮೀಸಲಾಗಿದ್ದರೆ ಕೊನೆಯ ಕುರ್ಚಿ ನಿಮ್ಮದು. ಅರ್ಧ ಪಾಲು ನೇರ ನೇಮಕಾತಿಗೆ ಎಂದು ನಿಯಮ ಹೇಳಿದರೆ ಬಡ್ತಿಗೆ ಉಳಿಯುವುದು 6, ನೀವು ಇನ್ನೂ ಬಹಳ ದೂರ. ಸಮಿತಿ ಕೂರುವ ಮುಂಚೆ ಆ ನಾಲ್ವರಲ್ಲಿ ಇಬ್ಬರು ಪರೀಕ್ಷೆ ಪಾಸಾದರೆ ನೀವು 14ನೆಯವರಾಗುತ್ತೀರಿ, ಆ ಕೊನೆಯ ಕುರ್ಚಿಯೂ ಹೋಯಿತು. ಕೆಲವು ಇಲಾಖೆಗಳಲ್ಲಿ ಬೆರಳಚ್ಚುಗಾರರೂ ಇದೇ ಸಾಲಿಗೆ ಬಂದು ಸೇರುತ್ತಾರೆ, ಅವರನ್ನೂ ಎಣಿಸಿಕೊಳ್ಳಿ.

ಇದರ ಮೇಲೆ ರೋಸ್ಟರ್, ಅಂದರೆ ಯಾವ ಸರದಿಯ ಜಾಗ ಯಾವ ವರ್ಗಕ್ಕೆ ಎಂದು ಹೇಳುವ ಪಟ್ಟಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಬಡ್ತಿಯಲ್ಲಿ ಮೀಸಲಾತಿ ಕರ್ನಾಟಕದಲ್ಲಿ 1978ರಿಂದ ಇದೆ. ಯಾವ ಜಾಗ ಯಾವ ಬಿಂದುವಿನ ಮೇಲೆ ಬೀಳುತ್ತದೆ ಎಂಬುದು ರೋಸ್ಟರ್ ವಹಿಯಲ್ಲಿ ಮೊದಲೇ ಗೊತ್ತಿರುತ್ತದೆ. ಹಾಗೆ ಬಡ್ತಿ ಪಡೆದವರಿಗೆ ಮೇಲಿನ ವೃಂದದಲ್ಲೂ ಜ್ಯೇಷ್ಠತೆ ಸಿಗಬೇಕೇ ಎಂಬ ಪ್ರಶ್ನೆ ರಾಜ್ಯದ ಪಟ್ಟಿಗಳನ್ನು ವರ್ಷಗಟ್ಟಲೆ ಅಲುಗಾಡಿಸಿತು. ಬಿ.ಕೆ. ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಫೆಬ್ರವರಿಯಲ್ಲಿ ಅಂಥ ಜ್ಯೇಷ್ಠತೆ ಕೊಡುತ್ತಿದ್ದ ರಾಜ್ಯದ ಹಳೆಯ ಕಾಯ್ದೆಯನ್ನು ಒಪ್ಪಲಿಲ್ಲ. ರಾಜ್ಯ ಅಂಕಿಅಂಶ ಕಲೆಹಾಕಿ 2018ರಲ್ಲಿ ಹೊಸ ಕಾಯ್ದೆ ತಂದಿತು, 2019ರ ಮೇನಲ್ಲಿ ಅದೇ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ನಡುವೆ ತಯಾರಾದ ಹಳೆಯ ಪಟ್ಟಿ ಕೈಯಲ್ಲಿಟ್ಟುಕೊಂಡು ಈಗ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ.

ಚಿಂತಾಮಣಿಯಿಂದ ಶ್ರೀನಿವಾಸಪುರಕ್ಕೆ

ಜ್ಯೇಷ್ಠತೆ ಕಳೆದುಕೊಳ್ಳುವ ಅತಿ ಸುಲಭದ ದಾರಿ ಕೋರಿಕೆ ವರ್ಗಾವಣೆ. ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಚಿಂತಾಮಣಿ ಆ ಕಡೆ ಹೋಯಿತು, ಶ್ರೀನಿವಾಸಪುರ ಈ ಕಡೆ ಉಳಿಯಿತು. ಪಕ್ಕಪಕ್ಕದ ತಾಲ್ಲೂಕು, ಮಾತು ಒಂದೇ, ನೆಂಟಸ್ತನ ಒಂದೇ, ಮಾವಿನ ತೋಟವೂ ಒಂದೇ ಥರ. ಆದರೆ ಜಿಲ್ಲಾ ಮಟ್ಟದ ವೃಂದದವರಿಗೆ, ಉದಾಹರಣೆಗೆ ಗ್ರಾಮ ಆಡಳಿತ ಅಧಿಕಾರಿಗೆ ಅಥವಾ ಪ್ರಾಥಮಿಕ ಶಾಲಾ ಶಿಕ್ಷಕರಿಗೆ, ಇವು ಬೇರೆ ಬೇರೆ ಜ್ಯೇಷ್ಠತಾ ಘಟಕ, ಅಂದರೆ ಪಟ್ಟಿಯೇ ಬೇರೆ. ಸ್ವಂತ ಕೋರಿಕೆಯ ಮೇಲೆ ಇನ್ನೊಂದು ಘಟಕಕ್ಕೆ ಬಂದವರು, ಆ ದಿನ ಅಲ್ಲಿ ಆ ವೃಂದದಲ್ಲಿರುವ ಎಲ್ಲರಿಗಿಂತ ಕೆಳಗೆ ಕೂರುತ್ತಾರೆ. ಹನ್ನೆರಡು ವರ್ಷ ಸೇವೆಯಾದವರು ನಿನ್ನೆ ಸೇರಿದವರ ಹಿಂದೆ. ಸಂಬಳಕ್ಕೆ, ರಜೆಗೆ ಹಳೆಯ ಸೇವೆ ಲೆಕ್ಕಕ್ಕಿದೆ. ಸಾಲಿನಲ್ಲಿ ನಿಲ್ಲುವುದಕ್ಕೆ ಮಾತ್ರ ಇಲ್ಲ.

ಊರಿಗೆ ಹತ್ತಿರ ಬರುವುದು ತಪ್ಪೇನಲ್ಲ. ವಯಸ್ಸಾದ ತಂದೆತಾಯಿ, ಸಣ್ಣ ಮಕ್ಕಳು ಇದ್ದಾಗ ಎಷ್ಟೋ ಜನ ಗೊತ್ತಿದ್ದೇ ಬಡ್ತಿ ಬಿಟ್ಟು ಬರುತ್ತಾರೆ. ಅರ್ಜಿಯ ಕೊನೆಯಲ್ಲಿರುವ ‘ಜ್ಯೇಷ್ಠತೆ ಬಿಟ್ಟುಕೊಡಲು ಸಿದ್ಧನಿದ್ದೇನೆ’ ಎಂಬ ಮುಚ್ಚಳಿಕೆಯನ್ನು ಓದದೆ ಸಹಿ ಹಾಕುವುದು ತಪ್ಪು. ಹೊಸ ಘಟಕದ ಪಟ್ಟಿ ತರಿಸಿ ಮೇಲಿನ ಲೆಕ್ಕ ಮಾಡಿ, ಆಮೇಲೆ ಸಹಿ ಮಾಡಿ. ಹೊಸಬರು ಕಡಿಮೆ, ನಿವೃತ್ತಿ ಹೆಚ್ಚು ಇರುವ ಘಟಕವಾದರೆ ನಷ್ಟ ಅಷ್ಟೇನೂ ಇರದು.

ಕಾಗದ ಕೈಕೊಡುವ ಜಾಗಗಳು

ಇಲಾಖಾ ಪರೀಕ್ಷೆಗಳನ್ನು 1974ರ ನಿಯಮಗಳಡಿ ಲೋಕಸೇವಾ ಆಯೋಗ ನಡೆಸುತ್ತದೆ. ಅಕೌಂಟ್ಸ್ ಹೈಯರ್, ಅಕೌಂಟ್ಸ್ ಲೋಯರ್, ಜನರಲ್ ಲಾ, ಕಂದಾಯದವರಿಗೆ ರೆವಿನ್ಯೂ ಪತ್ರಿಕೆಗಳು. ಯಾವ ಹುದ್ದೆಗೆ ಯಾವುದು ಬೇಕು ಎಂಬುದು ಮತ್ತೆ ವೃಂದ ಮತ್ತು ನೇಮಕಾತಿ ನಿಯಮದಲ್ಲೇ. ‘ಸರದಿ ಬರಲಿ, ಆಗ ಬರೆದರಾಯಿತು’ ಎಂದು ಕೂತವರಿಗೆ ಆಗುವುದು ಇದು: ಸಮಿತಿ ಕೂತಾಗ ಇವರು ಅನರ್ಹರು, ಹಿಂದಿನವರಿಗೆ ಬಡ್ತಿ. ಮುಂದಿನ ಅಧಿವೇಶನದಲ್ಲಿ ಪಾಸಾಗಿ, ಇವರಿಗೂ ವರ್ಷದ ಮೇಲೆ ಬಡ್ತಿ ಸಿಗುತ್ತದೆ. ಆದರೆ ಮೇಲಿನ ವೃಂದದಲ್ಲಿ ಜ್ಯೇಷ್ಠತೆ ಬಡ್ತಿಯ ದಿನಾಂಕದಿಂದ. ಒಂದು ವರ್ಷದ ಸೋಮಾರಿತನ ಅಧೀಕ್ಷಕ ಹುದ್ದೆಯ ಸರದಿವರೆಗೂ ಹಿಂಬಾಲಿಸುತ್ತದೆ. ಕೆಲಸಕ್ಕೆ ಸೇರಿ ಪ್ರೊಬೇಷನರಿ ಅವಧಿ ಮುಗಿಯುವುದರೊಳಗೆ ಎಲ್ಲ ಪತ್ರಿಕೆ ಮುಗಿಸಿಬಿಡುವುದು ಒಳ್ಳೆಯದು, ಓದುವ ಅಭ್ಯಾಸ ಇನ್ನೂ ಕೈಯಲ್ಲಿರುತ್ತದೆ. 2012ರ ನಿಯಮದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೂ ಇದೇ ಸಾಲಿಗೆ ಸೇರಿದ್ದು.

ಪಾಸಾದರೆ ಸಾಲದು, ಸೇವಾ ವಹಿಯಲ್ಲಿ, ಅಂದರೆ ನಿಮ್ಮ ಸೇವೆಯ ವಿವರ ಬರೆದಿಡುವ ಕಚೇರಿ ಪುಸ್ತಕದಲ್ಲಿ, ನಮೂದಾಗಬೇಕು. ಫಲಿತಾಂಶದ ಅಧಿಸೂಚನೆಯ ಪ್ರತಿಯ ಜತೆ ಅರ್ಜಿ ಕೊಟ್ಟು, ನಮೂದಾದ ಪುಟದ ಫೋಟೊ ತೆಗೆದುಕೊಳ್ಳಿ. ಸಮಿತಿಗೆ ಟಿಪ್ಪಣಿ ತಯಾರಿಸುವ ಸಿಬ್ಬಂದಿ ಶಾಖೆಯ ವಿಷಯ ನಿರ್ವಾಹಕರು ನೋಡುವುದು ಆ ಪುಟವನ್ನು, ನಿಮ್ಮ ಮನೆಯ ಫೈಲನ್ನಲ್ಲ.

ಎಲ್ಲಕ್ಕಿಂತ ಹೆಚ್ಚು ತೊಡಕಾಗುವುದು ಕಾರ್ಯನಿರ್ವಹಣಾ ವರದಿ, ಕಚೇರಿ ಮಾತಿನಲ್ಲಿ ‘ಸಿಆರ್’. ಅವಧಿ ಏಪ್ರಿಲ್‌ನಿಂದ ಮಾರ್ಚ್. ಒಬ್ಬರು ಬರೆಯುತ್ತಾರೆ, ಮೇಲಿನವರು ಪರಿಶೀಲಿಸುತ್ತಾರೆ, ಅದರ ಮೇಲಿನವರು ಅಂಗೀಕರಿಸುತ್ತಾರೆ. ಬಡ್ತಿ ಸಮಿತಿ ಸಾಮಾನ್ಯವಾಗಿ ಹಿಂದಿನ 5 ವರ್ಷದ ವರದಿ ನೋಡುತ್ತದೆ. ತೊಂದರೆ ಕೆಟ್ಟ ವರದಿಯಿಂದ ಬರುವುದು ಅಪರೂಪ, ಇಲ್ಲದ ವರದಿಯಿಂದಲೇ ಜಾಸ್ತಿ. ವರ್ಗಾವಣೆ ಕಾಲದಲ್ಲಿ ಅಧಿಕಾರಿ ಬದಲಾಗುತ್ತಾರೆ, ಹೊಸಬರು ಬಂದು ಎರಡೇ ತಿಂಗಳಿಗೆ ಹೋಗುತ್ತಾರೆ, ಇನ್ನೊಬ್ಬರು ನಿವೃತ್ತರಾಗುತ್ತಾರೆ. ಕನಿಷ್ಠ 3 ತಿಂಗಳು ಕೆಲಸ ನೋಡದವರು ಬರೆಯುವಂತಿಲ್ಲ, ನೋಡಿದವರು ಬರೆಯದೆ ಹೋದರು. ಎರಡು ವರ್ಷ ಬಿಟ್ಟು ಕಡತ ‘ವರದಿ ಲಭ್ಯವಿಲ್ಲ’ ಎಂಬ ಷರಾದೊಂದಿಗೆ ವಾಪಸ್ ಬರುತ್ತದೆ. ಆದ್ದರಿಂದ ಅಧಿಕಾರಿ ಬಿಡುಗಡೆಯಾಗುವ ವಾರದಲ್ಲೇ ನಮೂನೆ ತುಂಬಿ ಮುಂದಿಡಿ. ಸ್ವಯಂ ವರದಿ ಕೇಳುವ ನಮೂನೆಯಾದರೆ ‘ವಹಿಸಿದ ಕೆಲಸವನ್ನು ಶ್ರದ್ಧೆಯಿಂದ ನಿರ್ವಹಿಸಿದ್ದೇನೆ’ ಎಂದು ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ‘ಏಪ್ರಿಲ್ 1ಕ್ಕೆ ಬಾಕಿ ಕಡತ 212, ವರ್ಷದಲ್ಲಿ ಬಂದದ್ದು 640, ವಿಲೇವಾರಿ 781, ಮಾರ್ಚ್ 31ಕ್ಕೆ ಬಾಕಿ 71’ ಎಂದು ಬರೆದರೆ ಪರಿಶೀಲಿಸುವವರಿಗೆ ಅದನ್ನು ತಳ್ಳಿಹಾಕುವುದು ಕಷ್ಟ.

ವರದಿಯ ದರ್ಜೆಯನ್ನು ನೌಕರರಿಗೆ ತಿಳಿಸಲೇಬೇಕು, ಅದು ಪ್ರತಿಕೂಲವಾಗಿರಲಿ ಬಿಡಲಿ. ಸುಪ್ರೀಂ ಕೋರ್ಟ್ ದೇವ್ ದತ್ ಪ್ರಕರಣದಲ್ಲಿ 2008ರಲ್ಲಿ ಹೀಗೆ ಹೇಳಿತು, 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಖಚಿತಪಡಿಸಿತು. ‘ಅತ್ಯುತ್ತಮ’ ಬರುತ್ತಿದ್ದವರಿಗೆ ಒಂದು ವರ್ಷ ‘ಉತ್ತಮ’ಕ್ಕೆ ಇಳಿದರೆ ಅದೂ ತಿಳಿಯಬೇಕು, ಅದರ ಮೇಲೆ ಮನವಿ ಕೊಡಲು ಅವಕಾಶ ಇರಬೇಕು.

ಇಲಾಖಾ ವಿಚಾರಣೆಯ ಬಗ್ಗೆ ಭಯ ಹೆಚ್ಚು, ತಿಳಿವಳಿಕೆ ಕಡಿಮೆ. ಬರೀ ಷೋಕಾಸ್ ನೋಟಿಸ್ ಬಂದರೆ, ದೂರು ಅರ್ಜಿ ಇದ್ದರೆ ಬಡ್ತಿ ನಿಲ್ಲಬೇಕಿಲ್ಲ. ದೋಷಾರೋಪಣಾ ಪಟ್ಟಿ ಜಾರಿಯಾದ ಮೇಲೆ ಸಮಿತಿಯ ಅಭಿಪ್ರಾಯ ಮುಚ್ಚಿದ ಲಕೋಟೆಗೆ ಹೋಗುತ್ತದೆ, ಅದಕ್ಕೆ ಮೊದಲಲ್ಲ. ಇದು 1991ರ ಜಾನಕಿರಾಮನ್ ತೀರ್ಪಿನ ಸಾರ. ಆರೋಪಮುಕ್ತರಾದರೆ ಲಕೋಟೆ ತೆರೆಯಬೇಕು.

‘ಪ್ರಭಾರ’ದ ಮೋಹಕ್ಕೂ ಒಂದು ಮಾತು. ಸೇವಾ ನಿಯಮಾವಳಿಯ 32ನೇ ನಿಯಮದಡಿ ಮೇಲಿನ ಹುದ್ದೆಯ ದೈನಂದಿನ ಕೆಲಸ ನೋಡಿಕೊಳ್ಳಲು ಹಾಕುತ್ತಾರೆ. ನಾಮಫಲಕ ಬರುತ್ತದೆ, ಜೀಪೂ ಬರಬಹುದು. ಜ್ಯೇಷ್ಠತೆ ಬರುವುದಿಲ್ಲ. ಮೂರು ವರ್ಷ ಪ್ರಭಾರದಲ್ಲಿದ್ದೆ ಎಂಬುದು ಸಮಿತಿಯ ಮುಂದೆ ಯಾವ ಹಕ್ಕನ್ನೂ ತರದು. ಹಾಗೆಯೇ 10 ವರ್ಷಕ್ಕೆ ಸಿಗುವ ಕಾಲಮಿತಿ ಬಡ್ತಿ, 15 ವರ್ಷಕ್ಕೆ ಸಿಗುವ ವಿಶೇಷ ಬಡ್ತಿ ಹೆಸರಿಗೆ ಬಡ್ತಿ. ಅವು ಸಂಬಳದ ಶ್ರೇಣಿ ಏರಿಸುತ್ತವೆ, ಹುದ್ದೆಯನ್ನಲ್ಲ.

ಅನ್ಯಾಯವಾಗಿದೆ ಅನ್ನಿಸಿದರೆ ಮೊದಲು ಲಿಖಿತ ಮನವಿ. ಅಂತಿಮ ಆದೇಶ ಬಂದ 1 ವರ್ಷದೊಳಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ಮನವಿಗೆ 6 ತಿಂಗಳಾದರೂ ಉತ್ತರ ಬಾರದಿದ್ದರೆ ಆ 6 ತಿಂಗಳು ಮುಗಿದ ದಿನದಿಂದ 1 ವರ್ಷ. ಮೇಲಿಂದ ಮೇಲೆ ಮನವಿ ಕೊಡುತ್ತಾ ಹೋದರೆ ಈ ಗಡುವು ಬೆಳೆಯುವುದಿಲ್ಲ.

ನರಸಾಪುರ, ವೇಮಗಲ್, ಮಾಲೂರು

ಕಾರ್ಖಾನೆಯಲ್ಲಿ ಮೊದಲು ನೋಡಬೇಕಾದ್ದು ಸಂಬಳದ ಚೀಟಿಯ ತಲೆಬರಹ. ಅಲ್ಲಿ ಗುತ್ತಿಗೆದಾರ ಸಂಸ್ಥೆಯ ಹೆಸರಿದ್ದರೆ ಕಾನೂನಿನ ಕಣ್ಣಿಗೆ ನಿಮ್ಮ ಮಾಲೀಕರು ಅವರು. ಗೇಟಿನ ಮೇಲೆ ಹೆಸರಿರುವ ಕಂಪನಿಯಲ್ಲಿ ನಿಮಗೆ ಏಣಿಯೇ ಇಲ್ಲ, ಕಂಪನಿ ರೋಲಿಗೆ ಬರುವುದೇ ಮೊದಲ ಮೆಟ್ಟಿಲು. ಅಪ್ರೆಂಟಿಸ್‌ಗಳಿಗೂ ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯ 1961ರ ಕಾಯ್ದೆಯಲ್ಲಿಲ್ಲ.

ರೋಲಿನಲ್ಲಿರುವ ಆಪರೇಟರ್ ಲೈನ್ ಲೀಡರ್ ಆಗುವುದು ಹೇಗೆ ಎಂದು ತಿಳಿಯಲು ಲೈನಿನ ಪಕ್ಕದ ಸ್ಕಿಲ್ ಮ್ಯಾಟ್ರಿಕ್ಸ್ ಬೋರ್ಡನ್ನು ನೋಡಿ. ಎಡಕ್ಕೆ ಹೆಸರು, ಮೇಲೆ ಸ್ಟೇಷನ್‌ಗಳು, ಪ್ರತಿ ಚೌಕದಲ್ಲೂ ನಾಲ್ಕು ಭಾಗ ಮಾಡಿದ ಒಂದು ವೃತ್ತ. ಒಂದು ಭಾಗ ತುಂಬಿದ್ದರೆ ಕಲಿಯುತ್ತಿದ್ದಾರೆ, ಎರಡು ತುಂಬಿದ್ದರೆ ಯಾರಾದರೂ ನೋಡುತ್ತಿದ್ದರೆ ಮಾಡಬಲ್ಲರು, ಮೂರು ತುಂಬಿದ್ದರೆ ಒಬ್ಬರೇ ಮಾಡಬಲ್ಲರು, ನಾಲ್ಕೂ ತುಂಬಿದ್ದರೆ ಬೇರೆಯವರಿಗೆ ಕಲಿಸಬಲ್ಲರು. ಹತ್ತು ಸ್ಟೇಷನ್‌ನ ಲೈನಿನಲ್ಲಿ ಒಬ್ಬರದು ಒಂದೇ ಸ್ಟೇಷನ್‌ನಲ್ಲಿ ಪೂರ್ಣ ವೃತ್ತ, ಇನ್ನೊಬ್ಬರದು ಆರು ಸ್ಟೇಷನ್‌ಗಳಲ್ಲಿ ಮುಕ್ಕಾಲು ವೃತ್ತ. ಲೀಡರ್ ಹುದ್ದೆ ಸಾಮಾನ್ಯವಾಗಿ ಎರಡನೆಯವರಿಗೆ. ಬೆಳಗಿನ ಪಾಳಿಯಲ್ಲಿ ಇಬ್ಬರು ಬರಲಿಲ್ಲ ಎಂದರೆ ಲೈನ್ ನಿಲ್ಲಿಸದೆ ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳುವುದೇ ಲೀಡರ್‌ನ ಮೊದಲ ಕೆಲಸ. ಒಂದೇ ಸ್ಟೇಷನ್‌ನಲ್ಲಿ ಅದ್ಭುತವಾಗಿರುವವರನ್ನು ಅಲ್ಲಿಂದ ಎತ್ತಿದರೆ ಉತ್ಪಾದನೆ ಬೀಳುತ್ತದೆ, ಹಾಗಾಗಿ ಅವರನ್ನು ಯಾರೂ ಎತ್ತುವುದಿಲ್ಲ. ‘ನಾನಿಲ್ಲದೆ ಇಲ್ಲಿ ನಡೆಯಲ್ಲ’ ಎಂಬ ಹೆಮ್ಮೆ ಹೀಗೆ ತಿರುಗಿ ಹೊಡೆಯುತ್ತದೆ. ಕಲಿತ ಮೇಲೆ ಬೋರ್ಡಿನ ವೃತ್ತ ತುಂಬಿಸಿ ಸಹಿ ಹಾಕಿಸುವುದನ್ನು ಮರೆಯಬೇಡಿ. ಸೇವಾ ವಹಿಯ ಕಥೆಯೇ ಇಲ್ಲೂ.

ಸೂಪರ್‌ವೈಸರ್ ಹುದ್ದೆಗೆ ಹಲವು ಕಡೆ ಡಿಪ್ಲೊಮಾ ಗೋಡೆ ಇದೆ. ಐಟಿಐ ಮುಗಿಸಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಪಾರ್ಶ್ವ ಪ್ರವೇಶ ಸಿಗುತ್ತದೆ. ಅಂಚೆ ಮೂಲಕ ಎಂಜಿನಿಯರಿಂಗ್ ಡಿಪ್ಲೊಮಾ ಕೊಡುತ್ತೇವೆ ಎನ್ನುವವರಿಗೆ ದುಡ್ಡು ಕಟ್ಟಬೇಡಿ, ದೂರಶಿಕ್ಷಣದ ಎಂಜಿನಿಯರಿಂಗ್ ಡಿಪ್ಲೊಮಾಕ್ಕೆ ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇಯ ಮಾನ್ಯತೆ ಇಲ್ಲ.

ಕಚೇರಿ ಸಿಬ್ಬಂದಿ ಮತ್ತು ಎಂಜಿನಿಯರ್‌ಗಳದು ರೇಟಿಂಗ್ ಲೆಕ್ಕ. ಏಪ್ರಿಲ್-ಮಾರ್ಚ್ ವರ್ಷದ ಕಂಪನಿಯಲ್ಲಿ ಬಡ್ತಿಯ ಸಂಖ್ಯೆ, ಬಜೆಟ್ ಫೆಬ್ರವರಿ ಹೊತ್ತಿಗೆ ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ. ಮಾರ್ಚ್‌ನಲ್ಲಿ ಮ್ಯಾನೇಜರ್ ಹತ್ತಿರ ಹೋಗಿ ಕೇಳುವುದು ಬಸ್ ಹೋದ ಮೇಲೆ ಕೈ ತೋರಿದಂತೆ. ಎಲ್ಲ ವಿಭಾಗದ ಮ್ಯಾನೇಜರ್‌ಗಳು ಒಟ್ಟಿಗೆ ಕೂತು ರೇಟಿಂಗ್ ಹೊಂದಿಸುವ ಸಭೆಯಲ್ಲಿ 40 ಜನರ ವಿಭಾಗಕ್ಕೆ ಮೇಲಿನ ದರ್ಜೆ ನೂರಕ್ಕೆ 10 ಎಂದು ಮಿತಿ ಇದ್ದರೆ ಸಿಗುವುದು 4 ಮಾತ್ರ. ಅಲ್ಲಿ ನಿಮ್ಮ ಹೆಸರಿಗೆ ಸಿಗುವುದು ಒಂದೆರಡು ನಿಮಿಷ. ಆ ಹೊತ್ತಿಗೆ ಮ್ಯಾನೇಜರ್ ಬಾಯಲ್ಲಿ ‘ಒಳ್ಳೆ ಹುಡುಗ, ಕಷ್ಟಪಡ್ತಾನೆ’ ಎಂಬ ಮಾತಿದ್ದರೆ ಸೋತಂತೆ. ‘ಸ್ಟೇಷನ್ 7ರಲ್ಲಿ ದಿನಕ್ಕೆ 30 ರೀವರ್ಕ್ ಇತ್ತು, ಫಿಕ್ಸ್ಚರ್ ಪಿನ್ ಬದಲಿಸಿ 8ಕ್ಕೆ ಇಳಿಸಿದರು’ ಎಂಬ ಮಾತಿದ್ದರೆ ಬೇರೆ ವಿಭಾಗದವರೂ ಒಪ್ಪುತ್ತಾರೆ. ಆ ವಾಕ್ಯವನ್ನು ಡಿಸೆಂಬರ್‌ನಲ್ಲೇ ಮೇಲ್ ಮಾಡಿಟ್ಟಿರಬೇಕು. ವರ್ಷದ ನಡುವೆ ಮ್ಯಾನೇಜರ್ ಬದಲಾದರೆ ಹೋಗುವವರಿಂದ ನಾಲ್ಕು ಸಾಲು ಬರೆಸಿಕೊಳ್ಳಿ.

ಬಡ್ತಿ ಪತ್ರ ಕೈಗೆ ಬಂದಾಗ ಲೆಕ್ಕ ಇನ್ನೊಂದಿದೆ. ತಿಂಗಳಿಗೆ 19,000 ರೂಪಾಯಿಯ ಆಪರೇಟರ್‌ಗೆ 26 ದಿನ, ದಿನಕ್ಕೆ 8 ಗಂಟೆಯಂತೆ ಗಂಟೆಗೆ ಸುಮಾರು 91 ರೂಪಾಯಿ. ಓಟಿಗೆ, ಅಂದರೆ ಹೆಚ್ಚುವರಿ ಗಂಟೆಯ ಕೆಲಸಕ್ಕೆ, ದುಪ್ಪಟ್ಟು, 183. ತಿಂಗಳಿಗೆ 30 ಗಂಟೆ ಓಟಿ ಮಾಡಿದರೆ ಸುಮಾರು 5,480 ಸೇರಿ ಕೈಗೆ ಬರುವುದು 24,480. ಸೂಪರ್‌ವೈಸರ್ ಆದ ಮೇಲೆ 22,500, ಆದರೆ ಮೇಲ್ವಿಚಾರಣೆ ಹುದ್ದೆಯವರಿಗೆ ಸಾಮಾನ್ಯವಾಗಿ ಓಟಿ ಇಲ್ಲ. ಬಡ್ತಿಯಾಗಿ ಎರಡು ಸಾವಿರ ಕಡಿಮೆ! ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಸಂಬಳ ಮಿತಿ 21,000, ಆ ಮಿತಿಗೆ ಓಟಿ ಲೆಕ್ಕಕ್ಕಿಲ್ಲ, ಹಾಗಾಗಿ ಇಷ್ಟು ದಿನ ಒಳಗಿದ್ದಿರಿ. ಮೇ ತಿಂಗಳಲ್ಲಿ ಬಡ್ತಿಯಾದರೆ ವಂತಿಗೆ ಸೆಪ್ಟೆಂಬರ್ 30ರವರೆಗೆ ಕಡಿತವಾಗುತ್ತದೆ, ಅದರ ಸೌಲಭ್ಯ ಮುಂದಿನ ಜೂನ್ 30ರವರೆಗೆ. ಜುಲೈ 1ರಿಂದ ಇಎಸ್‌ಐ ಆಸ್ಪತ್ರೆ ಇಲ್ಲ. ಅಲ್ಲಿಂದಾಚೆ ಕಂಪನಿಯ ಗುಂಪು ವಿಮೆ ಇದೆಯೇ, ಅದರಲ್ಲಿ ಅಪ್ಪ ಅಮ್ಮನ ಹೆಸರೂ ಸೇರುತ್ತದೆಯೇ, ಓಟಿ ಬದಲಿಗೆ ಶಿಫ್ಟ್ ಭತ್ಯೆ ಎಷ್ಟು ಎಂಬುದನ್ನು ಸಹಿ ಹಾಕುವ ಮುಂಚೆ ಎಚ್‌ಆರ್ ಮೇಜಿನ ಮುಂದೆ ನಿಂತು ಕೇಳಿ, ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ.